ಜಾಗ ಬಿಟ್ಟುಕೊಟ್ಟವರು

1900ರ ಅಕ್ಟೋಬರ್ 23ರಂದು ಕರಾಚಿಯಲ್ಲಿ ಒಂದು ಗಂಡುಮಗು ಹುಟ್ಟಿತು. ಹೆಸರು ವಲೇರಿಯನ್ ಗ್ರೇಶಿಯಸ್. ಮುಂದೆ ಅವರು ಬೊಂಬಾಯಿಯ ಆರ್ಚ್‌ಬಿಷಪ್ ಆದರು, ಭಾರತದ ಮೊದಲ ಕಾರ್ಡಿನಲ್ ಆದರು. 1918ರ ಜನವರಿ 19ರಂದು ಬೊಂಬಾಯಿಯಲ್ಲಿ ಇನ್ನೊಂದು ಗಂಡುಮಗು ಹುಟ್ಟಿತು. ಹೆಸರು ಜೋಸೆಫ್ ಕೊರ್ಡೇರೊ. ಅವರು ಕರಾಚಿಯ ಆರ್ಚ್‌ಬಿಷಪ್ ಆದರು, ಪಾಕಿಸ್ತಾನದ ಮೊದಲ ಕಾರ್ಡಿನಲ್ ಆದರು. ಇಬ್ಬರ ಬೇರೂ ಗೋವಾದ್ದು. ಇಬ್ಬರೂ ಹುಟ್ಟಿದ ಊರು ಒಂದು, ಬಾಳಿದ ಊರು ಇನ್ನೊಂದು, ‘ನಮ್ಮೂರು’ ಎಂದು ಹಿರಿಯರು ಹೇಳುತ್ತಿದ್ದ ಊರು ಮತ್ತೊಂದು.

ಈ ಅದಲುಬದಲನ್ನು ನನಗೆ ಮೊದಲು ಹೇಳಿದ್ದು ಅಪ್ಪ. ಅವರು 1974ರಲ್ಲಿ ಕಿನ್ನಿಗೋಳಿ ಕಡೆಯಿಂದ ಸ್ಟೆನೊ ಕೆಲಸಕ್ಕೆಂದು ದೆಹಲಿಗೆ ಬಂದವರು. ಮನೆಯಲ್ಲಿ ಕೊಂಕಣಿ, ಊರಿನ ನೆರೆಹೊರೆಯವರೊಡನೆ ತುಳು, ಓದು ಬರಹಕ್ಕೆ ಕನ್ನಡ, ದೆಹಲಿಯ ಬಸ್ಸಿಗೆ ಹಿಂದಿ. ‘ನಿಮ್ಮ ಊರು ಯಾವುದು’ ಎಂದು ಇಲ್ಲಿ ಯಾರಾದರೂ ಕೇಳಿದರೆ ಅವರ ಉತ್ತರ ಕೇಳುವವರನ್ನು ನೋಡಿ ಬದಲಾಗುತ್ತಿತ್ತು. ಬೆಂಗಳೂರಿನವರಿಗೆ ಮಂಗಳೂರು, ಮಂಗಳೂರಿನವರಿಗೆ ಕಿನ್ನಿಗೋಳಿ, ಉತ್ತರದವರಿಗೆ ‘ಸೌತ್’. ಗ್ರೇಶಿಯಸ್ಸರ ವಿಷಯ ಬಂದಾಗ ಮಾತ್ರ, “ಅವರದ್ದು ನಮಗಿಂತ ಕಷ್ಟ ಮಾರಾಯ, ಅವರು ಹುಟ್ಟಿದ ಊರಿಗೆ ಹೋಗಲಿಕ್ಕೂ ವೀಸಾ ಬೇಕು” ಎನ್ನುತ್ತಿದ್ದರು.

ಬಡ ವಲಸಿಗರ ಮನೆಯ ಹುಡುಗ ಕೆಂಪು ಟೋಪಿಯವರೆಗೆ ಏರಿದ ಕಥೆಯನ್ನು ನಮ್ಮ ಕಡೆಯ ಇಗರ್ಜಿಗಳ ಪ್ರವಚನಗಳಲ್ಲಿ ಮೂರು ಮಾತಿನಲ್ಲಿ ಮುಗಿಸುತ್ತಾರೆ: ಬುದ್ಧಿ, ಶ್ರಮ, ದೇವರ ಕೃಪೆ. ಮೂರೂ ಇದ್ದಿರಬೇಕು. ಆದರೆ ಆ ಬಾಳನ್ನು ಮೊದಲಿಂದ ಕೊನೆಯವರೆಗೆ ನೋಡಿದಾಗ ನನಗೆ ಇನ್ನೊಂದು ಸಂಗತಿ ಎದ್ದು ಕಾಣುತ್ತದೆ. ಆ ಹುಡುಗ ಹತ್ತಿದ ಪ್ರತಿ ಮೆಟ್ಟಿಲಲ್ಲೂ ಯಾರೋ ಒಬ್ಬರು ಏನನ್ನೋ ಬಿಟ್ಟುಕೊಟ್ಟಿದ್ದಾರೆ.

ಮೊದಲು ಬಿಟ್ಟುಕೊಟ್ಟವಳು ತಾಯಿ. ತಂದೆ ಜೋಸೆ ಗ್ರೇಶಿಯಸ್ ಮಗ ಹಸುಳೆಯಾಗಿದ್ದಾಗಲೇ ತೀರಿಕೊಂಡರು. ತಾಯಿ ಕಾರ್ಲೋಟಾ. ಗೋವಾದಿಂದ ಆ ಕಾಲದಲ್ಲಿ ಜನ ಹೊಟ್ಟೆಪಾಡಿಗೆ ಬೊಂಬಾಯಿಗೆ, ಕರಾಚಿಗೆ, ಪೂರ್ವ ಆಫ್ರಿಕಾಕ್ಕೆ ಹಡಗು ಹತ್ತುತ್ತಿದ್ದರು. ಪೋರ್ಚುಗೀಸರ ಆಳ್ವಿಕೆಯ ಗೋವಾದಲ್ಲಿ ಇಗರ್ಜಿಗಳಿಗೆ ಕೊರತೆ ಇರಲಿಲ್ಲ, ಕೂಲಿಗೆ ಇತ್ತು. ಬ್ರಿಟಿಷರ ಬಂದರು ಪಟ್ಟಣಗಳಿಗೆ ಅಡುಗೆಯವರು, ದರ್ಜಿಗಳು, ಗುಮಾಸ್ತರು, ಬ್ಯಾಂಡ್ ಬಾರಿಸುವವರು ಬೇಕಿದ್ದರು. ಬೊಂಬಾಯಿಯ ಧೋಬಿ ತಲಾವ್ ಸುತ್ತಮುತ್ತ ಗೋವಾದ ಒಂದೊಂದು ಹಳ್ಳಿಯವರು ಸೇರಿ ‘ಕುಡ್’ ಎಂಬ ಬಿಡಾರಗಳನ್ನು ಮಾಡಿಕೊಂಡರು. ಗೋಡೆಗುಂಟ ಸಾಲಾಗಿ ಟ್ರಂಕುಗಳು, ಒಂದು ಮೂಲೆಯಲ್ಲಿ ಸಂತರ ಪೀಠ, ರಾತ್ರಿ ನೆಲದ ಮೇಲೆ ಚಾಪೆ. ಕರಾಚಿಯಲ್ಲೂ ಗೋವಾದವರ ದೊಡ್ಡ ಸಮುದಾಯ ಬೆಳೆಯಿತು. ಹೀಗೆ ಪರವೂರಿಗೆ ಬಂದ ಮನೆಯಲ್ಲಿ ದುಡಿಯುವ ಗಂಡಸು ಹೋದರೆ ಮಗನೇ ಮುಂದಿನ ಸಂಬಳ. ಹದಿನೈದು ಹದಿನಾರಕ್ಕೆ ಆತ ಯಾವುದಾದರೂ ಕಚೇರಿಗೋ ಅಂಗಡಿಗೋ ಸೇರಬೇಕು. ಕಾರ್ಲೋಟಾ ಅವರ ಮಗ ಕರಾಚಿಯ ಸೇಂಟ್ ಪ್ಯಾಟ್ರಿಕ್ ಶಾಲೆಯಲ್ಲಿ ಓದಿದ, ಆಮೇಲೆ ಪಾದ್ರಿಯಾಗುತ್ತೇನೆಂದು ಮಂಗಳೂರಿಗೆ ಹೊರಟ. ಪಾದ್ರಿಯಾದವನಿಂದ ಮನೆಗೆ ಸಂಬಳ ಬರುವುದಿಲ್ಲ, ಸೊಸೆ ಬರುವುದಿಲ್ಲ, ಮೊಮ್ಮಕ್ಕಳಾಗುವುದಿಲ್ಲ. ವಿಧವೆಯೊಬ್ಬಳು ಇದಕ್ಕೆ ಒಪ್ಪಿದಳು ಎಂಬ ಸಂಗತಿ ಚರಿತ್ರೆಯಲ್ಲಿ ಅರ್ಧ ವಾಕ್ಯವಾಗಿ ಉಳಿದಿದೆ.

ಮಂಗಳೂರಿನ ಸೇಂಟ್ ಜೋಸೆಫ್ ಸೆಮಿನರಿ ಇರುವುದು ಜೆಪ್ಪುವಿನಲ್ಲಿ. 1878ರ ಕೊನೆಯ ದಿನ ಇಟಲಿಯ ಜೆಸ್ವಿತ್ ಗುರುಗಳು ಮಂಗಳೂರಿಗೆ ಬಂದಿಳಿದರು, ಮರುವರ್ಷವೇ ಸೆಮಿನರಿ ಶುರುವಾಯಿತು. ಅದರ ಮರುವರ್ಷ ಸೇಂಟ್ ಅಲೋಶಿಯಸ್ ಕಾಲೇಜು. ಕರಾಚಿಯ ಹುಡುಗ ಪಶ್ಚಿಮ ಕರಾವಳಿಯ ಅಷ್ಟೂ ಉದ್ದವನ್ನು ದಾಟಿ ಇಲ್ಲಿಗೆ ಬಂದಾಗ ಕೊಂಕಣಿ ಕಿವಿಗೆ ಬಿದ್ದಿರಬೇಕು, ಆದರೆ ಅದು ಬೇರೆ ರಾಗದ ಕೊಂಕಣಿ. ನಮ್ಮ ಹಿರಿಯರೂ ಗೋವಾ ಬಿಟ್ಟು ಬಂದವರೇ, ಆದರೆ ಎಷ್ಟೋ ತಲೆಮಾರುಗಳ ಹಿಂದೆ. ಒಂದೇ ಊರು ಬಿಟ್ಟು ಹೊರಟ ಎರಡು ವಲಸೆಗಳು ಜೆಪ್ಪುವಿನ ಊಟದ ಕೋಣೆಯಲ್ಲಿ ಎದುರುಬದುರು ಕೂತಂತೆ.

ಸೆಮಿನರಿಯೆಂದರೆ ಬಡ ಮನೆಗೆ ಏನೆಂದು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ಅಪ್ಪನ ಅಣ್ಣ 1954ರಲ್ಲಿ ಅದೇ ಜೆಪ್ಪುವಿಗೆ ಸೇರಿದ್ದರು. ಗೇಣಿ ಒಕ್ಕಲಿನ ಮನೆ. ದೊಡ್ಡಪ್ಪ ಹೋದ ಮೇಲೆ ಗದ್ದೆಗೆ ಒಂದು ಜೊತೆ ಕೈ ಕಡಿಮೆಯಾಯಿತು. ಆ ಕೈಗಳ ಜಾಗ ತುಂಬಿಸಿದ್ದು ಅತ್ತೆ. ಬೆಳಗ್ಗೆ ಗದ್ದೆ, ಮಧ್ಯಾಹ್ನದಿಂದ ಚಿಮಣಿ ದೀಪದ ಹೊತ್ತಿನವರೆಗೆ ಮಡಿಲಲ್ಲಿ ಗೆರಸೆ, ಎಲೆ, ತಂಬಾಕು, ನೂಲು. ಬೀಡಿಯ ಕೂಲಿ ಸಾವಿರದ ಲೆಕ್ಕದಲ್ಲಿ. ದೊಡ್ಡಪ್ಪ ರಜೆಗೆ ಬಂದಾಗ ಲ್ಯಾಟಿನ್ ಪ್ರಾರ್ಥನೆಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರಂತೆ, ಅತ್ತೆ ಬೀಡಿಯ ತುದಿ ಮಡಚುತ್ತಲೇ ಕೇಳಿಸಿಕೊಂಡು ಕೆಲವನ್ನು ಬಾಯಿಪಾಠ ಮಾಡಿದ್ದರು. ಅರ್ಥ ಗೊತ್ತಿರಲಿಲ್ಲ. ಒಂಬತ್ತನೆಯ ವರ್ಷ ದೊಡ್ಡಪ್ಪ ಸೆಮಿನರಿ ಬಿಟ್ಟು ಬಂದು ಮೇಷ್ಟ್ರಾದರು. ಅಷ್ಟರಲ್ಲಿ ಅತ್ತೆಯ ಮದುವೆಯ ವಯಸ್ಸು ದಾಟಿತ್ತು. “ಅವನ ಲ್ಯಾಟಿನಿಗೆ ನನ್ನ ಬೀಡಿ” ಎಂದು ಅವರು ತಮಾಷೆ ಮಾಡುತ್ತಿದ್ದದ್ದು ನನಗೆ ನೆನಪಿದೆ. ಆ ಮಾತಿಗೆ ದೊಡ್ಡಪ್ಪ ಒಮ್ಮೆಯೂ ನಕ್ಕಿದ್ದನ್ನು ನಾನು ನೋಡಲಿಲ್ಲ.

ಗ್ರೇಶಿಯಸ್ ಸೆಮಿನರಿ ಬಿಡಲಿಲ್ಲ. ಮಂಗಳೂರಿನಿಂದ ಸಿಲೋನಿನ ಕ್ಯಾಂಡಿಗೆ ಹೋದರು. ಹದಿಮೂರನೆಯ ಲಿಯೊ ಪೋಪ್ ಭಾರತದವರನ್ನೇ ಗುರುಗಳಾಗಿ ತಯಾರು ಮಾಡಬೇಕೆಂದು 1893ರಲ್ಲಿ ಅಲ್ಲೊಂದು ದೊಡ್ಡ ಸೆಮಿನರಿ ಮಾಡಿಸಿದ್ದರು. ಅದು 1955ರಲ್ಲಿ ಪುಣೆಗೆ ಬಂತು. 1926ರ ಅಕ್ಟೋಬರ್ 3ರಂದು ಗ್ರೇಶಿಯಸ್ಸರಿಗೆ ಗುರುದೀಕ್ಷೆ. ಆಮೇಲೆ ರೋಮಿನ ಗ್ರೆಗೋರಿಯನ್ ವಿಶ್ವವಿದ್ಯಾಲಯ. ಮರಳಿದ್ದು ಬೊಂಬಾಯಿಗೆ, ಆರ್ಚ್‌ಬಿಷಪರ ಕಾರ್ಯದರ್ಶಿಯಾಗಿ. ಆ ಊರಿನ ಧರ್ಮಪೀಠ ಆಗ ಎರಡು ಸಾಮ್ರಾಜ್ಯಗಳ ನಡುವಿನ ಗಡಿತಕರಾರಿನಂತಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪೂರ್ವ ದೇಶಗಳಲ್ಲಿ ಬಿಷಪರನ್ನು ಸೂಚಿಸುವ ಹಕ್ಕು ತಮ್ಮದೆಂದು ಪೋರ್ಚುಗಲ್ಲಿನ ಅರಸರು ಹದಿನಾರನೆಯ ಶತಮಾನದಿಂದಲೂ ಸಾಧಿಸುತ್ತ ಬಂದಿದ್ದರು. ಇದಕ್ಕೆ ‘ಪಾದ್ರೊಆದೊ’ ಎಂದು ಹೆಸರು. ರೋಮಿನವರು ತಾವೇ ನೇರವಾಗಿ ಬಿಷಪರನ್ನು ಕಳಿಸಲು ತೊಡಗಿದ ಮೇಲೆ ಒಂದೇ ಊರಲ್ಲಿ ಎರಡು ಅಧಿಕಾರಗಳು ತಲೆಯೆತ್ತಿದವು. ಬೊಂಬಾಯಿಯಲ್ಲಂತೂ ಅಕ್ಕಪಕ್ಕದ ಇಗರ್ಜಿಗಳು ಬೇರೆ ಬೇರೆ ಬಿಷಪರಿಗೆ ಸೇರಿದ್ದವು. 1928ರಲ್ಲಿ ವ್ಯಾಟಿಕನ್ನಿಗೂ ಪೋರ್ಚುಗಲ್ಲಿಗೂ ಒಂದು ರಾಜಿಯಾಯಿತು: ಬೊಂಬಾಯಿಗೆ ಒಂದು ಸಲ ಪೋರ್ಚುಗೀಸ್ ಆರ್ಚ್‌ಬಿಷಪ್, ಮುಂದಿನ ಸಲ ಬ್ರಿಟಿಷ್ ಆರ್ಚ್‌ಬಿಷಪ್. ಸರದಿಯ ಮೇಲೆ ಸರದಿ. ಈ ಸರದಿಯಲ್ಲಿ ಭಾರತೀಯನಿಗೆ ಜಾಗವೇ ಇರಲಿಲ್ಲ. ಭಾರತದಲ್ಲೇ ಹುಟ್ಟಿ, ಭಾರತದಲ್ಲೇ ದುಡಿದು, ಭಾರತದ ಮಣ್ಣಿಗೇ ಸೇರುವ ಪಾದ್ರಿ ಎಷ್ಟು ಯೋಗ್ಯನಾದರೂ ಕಾರ್ಯದರ್ಶಿಯ ಮೇಜಿನಿಂದ ಮೇಲೆ ಏಳುವಂತಿರಲಿಲ್ಲ.

ಮೊದಲ ಸರದಿಗೆ ಪೋರ್ಚುಗಲ್ಲಿನ ಲೀಮಾ ಬಂದರು. ಅವರ ನಂತರ 1937ರಲ್ಲಿ ಇಂಗ್ಲಿಷ್ ಜೆಸ್ವಿತ್ ಥಾಮಸ್ ರಾಬರ್ಟ್ಸ್. ಬಿಟ್ಟುಕೊಟ್ಟವರ ಪಟ್ಟಿಯಲ್ಲಿ ನಾನು ಇವರ ಹೆಸರನ್ನು ದೊಡ್ಡ ಅಕ್ಷರದಲ್ಲಿ ಬರೆಯುತ್ತೇನೆ. ತನ್ನ ನಂತರದ ಸರದಿ ಮತ್ತೆ ಪೋರ್ಚುಗೀಸರದ್ದು, ಆಮೇಲೆ ಮತ್ತೆ ಬ್ರಿಟಿಷರದ್ದು ಎಂಬುದು ರಾಬರ್ಟ್ಸರಿಗೆ ಗೊತ್ತಿತ್ತು. ಸ್ವಾತಂತ್ರ್ಯ ಬಾಗಿಲಲ್ಲಿ ನಿಂತಿದ್ದ ಹೊತ್ತಿನಲ್ಲಿ ಇದು ಎಷ್ಟು ಅಸಂಗತವೆಂಬುದೂ ಗೊತ್ತಿತ್ತು. 1946ರಲ್ಲಿ ಗ್ರೇಶಿಯಸ್ ಸಹಾಯಕ ಬಿಷಪ್ ಆದರು. ರಾಬರ್ಟ್ಸ್ ಅವರ ಕೈಗೆ ಆಡಳಿತ ಕೊಟ್ಟು ಹಡಗು ಹತ್ತಿದರು. ಕಾಗದದಲ್ಲಿ ಅವರೇ ಆರ್ಚ್‌ಬಿಷಪ್, ಊರಲ್ಲಿ ಇದ್ದವರು ಮಾತ್ರ ಗ್ರೇಶಿಯಸ್. ನಾಲ್ಕು ವರ್ಷ ಹೀಗೇ ನಡೆಯಿತು. ಅಷ್ಟರಲ್ಲಿ ಭಾರತ ಸ್ವತಂತ್ರವಾಗಿತ್ತು. 1950ರ ಜುಲೈಯಲ್ಲಿ ಪೋರ್ಚುಗಲ್ ತನ್ನ ಸರದಿಯ ಹಕ್ಕನ್ನು ಬಿಟ್ಟಿತು, ಡಿಸೆಂಬರ್ 4ರಂದು ರಾಬರ್ಟ್ಸ್ ವಿಧಿವತ್ತಾಗಿ ಹುದ್ದೆ ತೊರೆದರು, ಕರಾಚಿಯ ವಿಧವೆಯ ಮಗ ಬೊಂಬಾಯಿಯ ಆರ್ಚ್‌ಬಿಷಪ್ ಆದರು.

ಅಧಿಕಾರದಲ್ಲಿ ಇದ್ದವರು ಕೆಳಗಿನವರಿಗೆ ಅವಕಾಶ ಕೊಡುವುದನ್ನು ನಾವು ದೆಹಲಿಯಲ್ಲಿ ದಿನಾ ಕೇಳುತ್ತೇವೆ. ಆದರೆ ಅವಕಾಶ ಕೊಡುವವರು ಸಾಮಾನ್ಯವಾಗಿ ತಮ್ಮ ಕುರ್ಚಿಯ ಪಕ್ಕದಲ್ಲಿ ಒಂದು ಸ್ಟೂಲು ಹಾಕಿಸುತ್ತಾರೆ. ಕುರ್ಚಿಯಿಂದಲೇ ಎದ್ದು ಕೋಣೆಯಿಂದ ಹೊರಗೆ ಹೋಗುವವರು ಅಪರೂಪ. ರಾಬರ್ಟ್ಸರಿಗೆ ಆಗ ಐವತ್ತಮೂರು. ಅವರು ಅಲ್ಲೇ ಉಳಿದಿದ್ದರೆ ತಡೆಯುವವರು ಯಾರೂ ಇರಲಿಲ್ಲ.

1953ರ ಜನವರಿ 12ರಂದು ಹನ್ನೆರಡನೆಯ ಪಿಯೂಸ್ ಪೋಪ್ 24 ಜನರನ್ನು ಕಾರ್ಡಿನಲ್ ಮಾಡಿದರು. ಅದರಲ್ಲಿ ಗ್ರೇಶಿಯಸ್ ಒಬ್ಬರು. ‘ಕಾರ್ಡಿನಲ್’ ಪದದ ಮೂಲ ಲ್ಯಾಟಿನ್ನಿನ ‘ಕಾರ್ಡೊ’, ಅಂದರೆ ಬಾಗಿಲಿನ ಬಿಜಾಗರಿ. ಪೋಪ್ ತೀರಿಕೊಂಡಾಗ ಹೊಸಬರನ್ನು ಆರಿಸುವವರು ಇವರೇ. ಅದೇ ಪಟ್ಟಿಯಲ್ಲಿ ಆಂಜೆಲೊ ರೊಂಕಾಲಿ ಎಂಬವರೂ ಇದ್ದರು, ಇಟಲಿಯ ಸೊತ್ತೊ ಇಲ್ ಮೊಂತೆ ಹಳ್ಳಿಯ ಗೇಣಿ ರೈತನ ಮಗ. 1958ರಲ್ಲಿ ಅವರೇ ಇಪ್ಪತ್ತಮೂರನೆಯ ಜಾನ್ ಪೋಪ್ ಆದರು. ಆ ಚುನಾವಣೆಯ ಕೋಣೆಯಲ್ಲಿ ಗ್ರೇಶಿಯಸ್ ಕೂತಿದ್ದರು, 1963ರಲ್ಲಿ ಆರನೆಯ ಪೌಲ್ ಆಯ್ಕೆಯಾದಾಗಲೂ ಇದ್ದರು.

ಇತ್ತ ಅವರು ಹುಟ್ಟಿದ ಊರು 1947ರಲ್ಲಿ ಪರದೇಶವಾಗಿತ್ತು. ಕರಾಚಿಯ ಸೇಂಟ್ ಪ್ಯಾಟ್ರಿಕ್ ಶಾಲೆಯ ಹಾಜರಿ ಪುಸ್ತಕ ಈ ಉಪಖಂಡದ ಅದಲುಬದಲಿನ ಒಂದು ದಾಖಲೆ. ಕರಾಚಿಯಲ್ಲಿ ಹುಟ್ಟಿದ ಲಾಲ್‌ಕೃಷ್ಣ ಆಡ್ವಾಣಿ ಅಲ್ಲಿ ಓದಿ ಮುಂದೆ ದೆಹಲಿಯ ರಾಜಕಾರಣಿಯಾದರು. ದೆಹಲಿಯ ದರಿಯಾಗಂಜಿನಲ್ಲಿ ಹುಟ್ಟಿದ ಪರ್ವೇಜ್ ಮುಷರಫ್ ಅದೇ ಶಾಲೆಯಲ್ಲಿ ಓದಿ ಪಾಕಿಸ್ತಾನದ ಅಧ್ಯಕ್ಷರಾದರು. ಅಪ್ಪ ದೆಹಲಿಗೆ ಬಂದಾಗ ಇಲ್ಲಿನ ಆರ್ಚ್‌ಬಿಷಪ್ ಆಂಜೆಲೊ ಫೆರ್ನಾಂಡಿಸ್ ಕೂಡ 1913ರಲ್ಲಿ ಕರಾಚಿಯಲ್ಲಿ ಹುಟ್ಟಿದವರೇ. ಬೊಂಬಾಯಿಯಲ್ಲಿ ಸೇವೆ ಮಾಡಿ 1959ರಲ್ಲಿ ದೆಹಲಿಗೆ ಬಂದು, 1967ರಿಂದ 1990ರವರೆಗೆ ಇಲ್ಲಿನ ಆರ್ಚ್‌ಬಿಷಪ್ ಆಗಿದ್ದರು. 1970ರಲ್ಲಿ ಜಪಾನಿನ ಕ್ಯೋಟೊದಲ್ಲಿ ಎಲ್ಲ ಧರ್ಮಗಳವರು ಸೇರಿ ಶಾಂತಿಗಾಗಿ ಒಂದು ವಿಶ್ವಸಭೆ ಕಟ್ಟಿದಾಗ ಅದರ ಮೊದಲ ಅಧ್ಯಕ್ಷರಾದವರು ಅವರು. ಗೋಲ್ ಡಾಕ್‌ಖಾನೆಯ ಬಳಿಯ ಸೇಕ್ರೆಡ್ ಹಾರ್ಟ್ ಕೆಥೆಡ್ರಲಿನಲ್ಲಿ ಅವರ ಪ್ರವಚನ ಕೇಳಿ ಬಂದ ದಿನ ಅಪ್ಪ, “ಇವರಿಗೆ ಗಡಿಯ ಬಗ್ಗೆ ಮಾತಾಡಲಿಕ್ಕೆ ನಮಗಿಂತ ಹೆಚ್ಚು ಹಕ್ಕಿದೆ” ಎಂದಿದ್ದರು.

ಗಡಿ ಗ್ರೇಶಿಯಸ್ಸರನ್ನೂ ಬಿಡಲಿಲ್ಲ. 1964ರ ಡಿಸೆಂಬರಿನಲ್ಲಿ ಬೊಂಬಾಯಿಯ ಓವಲ್ ಮೈದಾನದಲ್ಲಿ ಅಂತರರಾಷ್ಟ್ರೀಯ ಪರಮಪ್ರಸಾದ ಸಮ್ಮೇಳನ ನಡೆಯಿತು. ಆರನೆಯ ಪೌಲ್ ಬಂದರು. ಭಾರತದ ನೆಲಕ್ಕೆ ಕಾಲಿಟ್ಟ ಮೊದಲ ಪೋಪ್ ಅವರು. ಮೂರು ವರ್ಷ ಹಿಂದೆಯಷ್ಟೇ ಗೋವಾ ಭಾರತಕ್ಕೆ ಸೇರಿತ್ತು, ಪೋಪರ ಈ ಭೇಟಿ ತಮಗಾದ ಅವಮಾನವೆಂದು ಪೋರ್ಚುಗಲ್ ಸರ್ಕಾರ ಸಿಡುಕಿತು. ಆತಿಥ್ಯ ವಹಿಸಿದ ಕಾರ್ಡಿನಲ್ಲರೇ ಗೋವಾದ ಮನೆತನದವರು. ಬೇರೆ ಧರ್ಮದ ಪ್ರಮುಖರ ಎದುರು ಪೋಪ್ ಬೃಹದಾರಣ್ಯಕ ಉಪನಿಷತ್ತಿನ ಪ್ರಾರ್ಥನೆಯನ್ನು ಉದ್ಧರಿಸಿದರು, ಹೋಗುವಾಗ ತಾವು ಬಳಸಿದ ಬಿಳಿ ಲಿಂಕನ್ ಕಾರನ್ನು ಮದರ್ ತೆರೇಸಾ ಅವರಿಗೆ ಕೊಟ್ಟರು. ಅವರು ಅದನ್ನು ಲಾಟರಿಗಿಟ್ಟು ಕುಷ್ಠರೋಗಿಗಳ ನೆಲೆಗೆ ಹಣ ಮಾಡಿದರು. 1966ರಲ್ಲಿ ಭಾರತ ಸರ್ಕಾರ ಗ್ರೇಶಿಯಸ್ಸರಿಗೆ ಪದ್ಮವಿಭೂಷಣ ಕೊಟ್ಟಿತು. ಕರಾಚಿಯಲ್ಲಿ ಹುಟ್ಟಿದ, ಗೋವಾ ಮೂಲದ, ಮಂಗಳೂರು, ಕ್ಯಾಂಡಿ, ರೋಮಿನಲ್ಲಿ ಓದಿದ ಬೊಂಬಾಯಿಗನನ್ನು ದೆಹಲಿ ತನ್ನವನೆಂದು ಒಪ್ಪಿಕೊಂಡ ಬಗೆ ಅದು.

1973ರಲ್ಲಿ ಕೊರ್ಡೇರೊ ಕಾರ್ಡಿನಲ್ ಆದರು. 1978ರ ಆಗಸ್ಟಿನಲ್ಲಿ ಮತ್ತೆ ಪೋಪ್ ಚುನಾವಣೆ ಬಂದಾಗ ಬೊಂಬಾಯಿಯಲ್ಲಿ ಹುಟ್ಟಿದ ಕೊರ್ಡೇರೊ ಪಾಕಿಸ್ತಾನದಿಂದ ರೋಮಿಗೆ ಹೋದರು. ಕರಾಚಿಯಲ್ಲಿ ಹುಟ್ಟಿದ ಗ್ರೇಶಿಯಸ್ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ಸೆಪ್ಟೆಂಬರ್ 11ರಂದು ತೀರಿಕೊಂಡರು. ಅವರ ಕೆಂಪು ಟೋಪಿ ಕೊಲಾಬಾದ ಹೋಲಿ ನೇಮ್ ಕೆಥೆಡ್ರಲಿನಲ್ಲಿ ಇದೆ. ಕಾರ್ಡಿನಲ್ಲರ ಟೋಪಿಯನ್ನು ಅವರ ಸಾವಿನ ನಂತರ ಇಗರ್ಜಿಯ ಮಾಡಿನಿಂದ ತೂಗುಬಿಟ್ಟು, ತಾನಾಗಿ ಜೀರ್ಣವಾಗುವ ತನಕ ಬಿಡುವುದು ಹಳೆಯ ಪದ್ಧತಿ. ದೊಡ್ಡಸ್ತಿಕೆಯೂ ದೂಳಾಗುತ್ತದೆಂದು ನೆನಪಿಸಲಿಕ್ಕಂತೆ.

ಗ್ರೇಶಿಯಸ್ಸರಿಂದ ಬಾಗಿಲು ತೆರೆಯಿತು ನಿಜ, ಆದರೆ ಎಲ್ಲರಿಗೂ ಒಂದೇ ಸಲ ತೆರೆಯಲಿಲ್ಲ. ಆದಿವಾಸಿಯೊಬ್ಬರು, ರಾಂಚಿಯ ತೆಲೆಸ್ಫೋರ್ ಟೊಪ್ಪೊ, ಕಾರ್ಡಿನಲ್ ಆಗಲು 2003ರವರೆಗೆ ಕಾಯಬೇಕಾಯಿತು. ದಲಿತರೊಬ್ಬರು, ಹೈದರಾಬಾದಿನ ಆಂಟನಿ ಪೂಲಾ, ಆಗಿದ್ದು 2022ರಲ್ಲಿ. ಆಗ ಕರ್ನೂಲು ಜಿಲ್ಲೆಯಲ್ಲಿದ್ದ ಪೋಲೂರಿನ ಪೂಲಾ ಬಡತನದಿಂದಾಗಿ ಏಳನೆಯ ತರಗತಿಗೇ ಶಾಲೆ ಬಿಟ್ಟಿದ್ದವರು, ಮಿಷನರಿಗಳ ನೆರವಿನಿಂದ ಮತ್ತೆ ಓದಿದವರು. ಮೊದಲ ಭಾರತೀಯನಿಂದ ಮೊದಲ ದಲಿತನಿಗೆ 69 ವರ್ಷ. ವಿದೇಶದವರು ಕುರ್ಚಿ ಬಿಟ್ಟುಕೊಟ್ಟಷ್ಟು ಸುಲಭವಾಗಿ ನಮ್ಮವರು ನಮ್ಮವರಿಗೆ ಬಿಟ್ಟುಕೊಡಲಿಲ್ಲ. ಕ್ರೈಸ್ತರಾದ ದಲಿತರನ್ನು ಪರಿಶಿಷ್ಟ ಜಾತಿಯ ಪಟ್ಟಿಯಿಂದ ಹೊರಗಿಟ್ಟ 1950ರ ಆದೇಶವೂ ಇದೇ ದೆಹಲಿಯಿಂದ ಹೊರಟದ್ದು. ಅದು ಗ್ರೇಶಿಯಸ್ ಆರ್ಚ್‌ಬಿಷಪ್ ಆದ ವರ್ಷ.

ಟೊಪ್ಪೊ ಅವರ ಜಿಲ್ಲೆ ಝಾರ್ಖಂಡಿನ ಗುಮ್ಲಾ. ಆ ಹೆಸರು ನೊಯ್ಡಾ, ಗುರುಗ್ರಾಮಗಳ ಅಪಾರ್ಟ್‌ಮೆಂಟಿನವರಿಗೆ ಬೇರೆ ಕಾರಣಕ್ಕೆ ಗೊತ್ತು. ನಮ್ಮ ಮನೆಗೆಲಸಕ್ಕೆ ಬರುವಾಕೆ ಅಲ್ಲಿಯವಳು. ಗೇಟಿನಲ್ಲಿ ಕೊಡುವ ಗುರುತಿನ ಚೀಟಿಯಲ್ಲಿ ‘ಖಾಯಂ ವಿಳಾಸ’ ಎಂಬಲ್ಲಿ ಆಕೆಯ ಹಳ್ಳಿಯ ಹೆಸರು ತಪ್ಪು ಕಾಗುಣಿತದಲ್ಲಿದೆ, ತಿದ್ದಿಸಲು ಹೋಗಿ ಸಾಕಾಗಿ ಬಿಟ್ಟಿದ್ದಾಳೆ. ಭಾನುವಾರ ಬೆಳಗ್ಗೆ ಮೂರು ಮನೆಗಳ ಕೆಲಸ ಮುಗಿಸಿ ಹಿಂದಿ ಪೂಜೆಗೆ ಓಡುತ್ತಾಳೆ. ಅಲ್ಲಿ ಹಿಂದಿನ ಸಾಲುಗಳಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ಇಂಥವರೇ. ಕೆಲವರ ಕೈಯಲ್ಲಿ ಮನೆಯೊಡತಿಯ ಮಗು.

ಒಮ್ಮೆ ಅಡುಗೆಮನೆಯಲ್ಲಿ ಗ್ರೇಶಿಯಸ್ಸರ ಕಥೆ ಹೇಳಿದೆ. ಆಕೆಗೆ ಪೋಪ್, ಪದ್ಮವಿಭೂಷಣ ಯಾವುದೂ ದೊಡ್ಡದೆನಿಸಲಿಲ್ಲ. ಕೇಳಿದ್ದು ಒಂದೇ ಪ್ರಶ್ನೆ: “ಅಪ್ಪ ಇಲ್ಲ ಅಂದಿರಲ್ಲ ಭೈಯಾ, ಹಾಗಾದರೆ ಮನೆ ಯಾರು ನೋಡಿಕೊಂಡರು?” ಆಮೇಲೆ ಹೇಳಿದಳು. ಅವಳ ತಮ್ಮ ಊರ ಕಡೆಯ ಸೆಮಿನರಿಯಲ್ಲಿದ್ದಾನೆ. ಅವನ ಬಟ್ಟೆಬರೆ, ಪುಸ್ತಕ, ರಜೆಗೆ ಬರುವ ಖರ್ಚು ಇವಳದ್ದು. ಅವನು ದುಡಿದು ಕೊಡಬೇಕಿದ್ದ ಅಪ್ಪ ಅಮ್ಮನ ಖರ್ಚೂ ಇವಳದ್ದೇ. ಹೇಳುವಾಗ ದನಿಯಲ್ಲಿ ದೂರಿರಲಿಲ್ಲ, ಹೆಮ್ಮೆಯಿತ್ತು. ಕಿನ್ನಿಗೋಳಿಯ ಗೆರಸೆ ನನ್ನ ಕಣ್ಣಿಗೆ ಬಂತು. ಈ ಧರ್ಮಸಭೆ ಬಡವರ ಗಂಡುಮಕ್ಕಳಿಗೆ ಒಂದು ಏಣಿ ಇಟ್ಟಿದೆ, ಅದು ಸುಳ್ಳಲ್ಲ. ಆ ಏಣಿಯನ್ನು ಕೆಳಗೆ ಹಿಡಿದು ನಿಲ್ಲುವ ಅಕ್ಕಂದಿರಿಗೆ ಅದನ್ನು ಹತ್ತುವ ಹಕ್ಕಿಲ್ಲ, ಅದೂ ಸುಳ್ಳಲ್ಲ. ರಾಬರ್ಟ್ಸ್ ಎದ್ದು ಹೋದದ್ದು ಚರಿತ್ರೆಯಾಯಿತು, ಯಾಕೆಂದರೆ ಅವರಿಗೆ ಬಿಟ್ಟುಕೊಡಲು ಒಂದು ಕುರ್ಚಿಯಿತ್ತು. ಕಾರ್ಲೋಟಾ, ನನ್ನ ಅತ್ತೆ, ಈ ಗುಮ್ಲಾದ ಹೆಂಗಸು, ಇವರೆಲ್ಲ ತಮ್ಮ ಪಾಲಿಗಿದ್ದ ದಿನಗಳನ್ನೇ ಬಿಟ್ಟುಕೊಟ್ಟವರು.

ತಮ್ಮನಿಗೆ ಗುರುದೀಕ್ಷೆ ಆಗಲು ಇನ್ನೂ ಐದು ವರ್ಷವಿದೆಯಂತೆ. ಆಕೆ ಈಗಲೇ ಎಲ್ಲ ಮನೆಗಳಲ್ಲೂ ಹೇಳಿಟ್ಟಿದ್ದಾಳೆ, ಆಗ ಹತ್ತು ದಿನ ರಜೆ ಬೇಕು, ಸಂಬಳ ಹಿಡಿಯಬಾರದು. ಎರಡು ಮನೆಯವರು ನೋಡೋಣ ಎಂದಿದ್ದಾರೆ. ನಾವು ಆಗಲಿ ಎಂದಿದ್ದೇವೆ. ಆ ಹತ್ತು ದಿನ ನಮ್ಮ ಪಾತ್ರೆ ನಾವು ತೊಳೆದುಕೊಳ್ಳುತ್ತೇವೆ.